ಹೆಪ್ಪುಗಟ್ಟದ ನನ್ನ ಕೊಬ್ಬರಿ ಎಣ್ಣೆ

ಹೊಗಳಿದರೆ ನಾನು ಕರಗಿಬಿಡುತ್ತೇನೆ, ಮುಚ್ಚಿಡುವುದೇನು? ನಮ್ಮ ಅರಳಗುಪ್ಪೆಯಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಮನೆಯ ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟಿ, ಸೀಸೆಗಳು ಬಿಸಿಲು ಕಾಯಿಸುತ್ತ ಕೂರುತ್ತಿದ್ದವು. ನನ್ನದು ಮಾತ್ರ ಸಲೀಸಾಗಿ ಸುರಿಯುತ್ತಿತ್ತು. ಪಕ್ಕದ ಮನೆ ಸಾವಿತ್ರಮ್ಮ "ನಿಮ್ಮ ಕೈಗುಣ ಕಣ್ರೀ" ಎಂದಾಗಲೆಲ್ಲ "ಅಪ್ಪಟ ಕೊಬ್ಬರಿ ಕಣೇ" ಎಂದು ಬೀಗುತ್ತಿದ್ದೆ. ಮೂರನೇ ಕ್ಲಾಸು ಓದಿದವಳು ನಾನು. ಎಣ್ಣೆಯೊಳಗೂ ಕೆಮಿಸ್ಟ್ರಿ ಕೂತಿದೆಯೆಂದು ಕನಸು ಬಿದ್ದಿತ್ತೇ?

ಮೊಮ್ಮಗಳು ಗಿರಿಜೆ ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಕೆಮಿಸ್ಟ್ರಿಯಲ್ಲಿ ಒಮ್ಮೆ ಫೇಲಾಗಿದ್ದಳು. "ಈ ಸಲಾನೂ ಹೋದ್ರೆ ಕಾಲೇಜು ಬುಡು" ಎಂದಿದ್ದ ಅವಳಪ್ಪ, ಅಂದರೆ ನನ್ನ ಮಗರಾಯ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಹುಡುಗಿ ಅಭ್ಯಾಸಕ್ಕೆಂದು ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತಂದು, ನನ್ನ ಎಣ್ಣೆಗೆ ಹನಿಸಿ, ಬಿಸಿನೀರಲ್ಲಿಟ್ಟಳು. ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಸಾವಿತ್ರಮ್ಮನೂ ಇಣುಕಿದಳು.

"ಕಾರ್ಬನ್‌ಗೆ ನಾಕು ಕೈ ಅಜ್ಜಿ. ಒಂದೊಂದು ಕೈಲೂ ಒಬ್ಬೊಬ್ರನ್ನ ಹಿಡ್ಕೊಂಡಿದ್ರೆ ಪರ್ಯಾಪ್ತ. ಹೊಸಬ್ರಿಗೆ ಜಾಗಿಲ್ಲ, ಅಯೋಡಿನ್ನಿನ ಕೆಂಪು ಬಣ್ಣ ಹಂಗೇ ಉಳೀತದೆ. ಇಬ್ರು ಕಾರ್ಬನ್ನು ಒಬ್ರಿಗೊಬ್ರು ಎರಡೆರಡು ಕೈ ಹಿಡ್ಕೊಂಡಿದ್ರೆ ಅಪರ್ಯಾಪ್ತ. ಒಂದೊಂದು ಕೈ ಬುಟ್ಟು ಅಯೋಡಿನ್ನ ಹಿಡ್ಕೋತವೆ, ಬಣ್ಣ ಮಾಯ. ಕೊಬ್ಬರಿ ಎಣ್ಣೇದು ಹೆಚ್ಚೂಕಮ್ಮಿ ಪರ್ಯಾಪ್ತ, ಬಣ್ಣ ಉಳೀಬೇಕು."

ಉಳಿಯಲಿಲ್ಲ. ನೋಡನೋಡುತ್ತಲೇ ಬಣ್ಣ ಹಾರಿಹೋಯಿತು. ಗಿರಿಜೆ ಪುಸ್ತಕ ಮುಚ್ಚಿ ಅಳಲು ಶುರುಮಾಡಿದಳು. "ನಾನು ಎಲ್ಲಾ ಉಲ್ಟಾ ಕಲ್ತಿದೀನಿ. ನಾಳೆ ಹೋಗಲ್ಲ ಅಜ್ಜಿ."

ಒಂದು ಕಡೆ ಮಗುವಿನ ಓದು, ಇನ್ನೊಂದು ಕಡೆ ಇಪ್ಪತ್ತು ವರ್ಷದ ನನ್ನ ಕೈಗುಣ, ನಡುವೆ ಸಾವಿತ್ರಮ್ಮನ ಕಿವಿ.

"ಲೇ ಗಿರಿಜಾ, ನೀನು ಕಲ್ತಿರೋದು ಸರಿ ಕಣೇ. ಎಣ್ಣೆನೇ ಸುಳ್ಳು. ಕೂದಲು ಉದ್ದ ಬರ್ಲಿ ಅಂತ ಅರ್ಧಕ್ಕರ್ಧ ಹರಳೆಣ್ಣೆ ಸುರೀತೀನಿ."

ಸಾವಿತ್ರಮ್ಮನ ದವಡೆ ನಿಂತೇ ಹೋಯಿತು. "ಅಯ್ಯೋ ನಿಮ್ಮ! ತೆಂಗಿನ ಸೀಮೇಲಿ ಕೂತ್ಕೊಂಡು ಹರಳೆಣ್ಣೆನಾ?" ಎನ್ನುತ್ತಲೇ ಮನೆಗೆ ಓಡಿ ತನ್ನ ಸೀಸೆ ತಂದಳು. ಅದಕ್ಕೆ ಹನಿಸಿದರೆ ಬಣ್ಣ ಅಲುಗಾಡದೆ ನಿಂತಿತು! "ಹರಳೆಣ್ಣೆ ಅಪರ್ಯಾಪ್ತ ಅಜ್ಜಿ! ಅದ್ಕೇ ನಿಮ್ಮದು ಹೆಪ್ಪೂ ಕಟ್ಟಲ್ಲ!" ಎಂದು ಗಿರಿಜೆ ಕುಣಿದಳು.

ಮರುದಿನ ಪರೀಕ್ಷೆಯಲ್ಲೂ ಎರಡು ಸೀಸೆ ಕೊಟ್ಟು, ಪರ್ಯಾಪ್ತ ಯಾವುದು, ಅಪರ್ಯಾಪ್ತ ಯಾವುದೆಂದು ಕೇಳಿದ್ದರಂತೆ. ಬಸ್ಸಿನ ಕಿಟಕಿಯಿಂದಲೇ "ಎರಡೂ ಸರಿ ಅಜ್ಜೀ!" ಎಂದು ಕೂಗಿದಳು ನನ್ನ ಬಂಗಾರ. ಪಾಸಾದಳು, ಅದೂ ಫಸ್ಟ್ ಕ್ಲಾಸಿನಲ್ಲಿ! ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ.

ಈ ಚಳಿಗಾಲ ನನ್ನ ಸೀಸೆಯೂ ಬಿಸಿಲಿಗೆ ಬಂದಿದೆ. "ಕೈಗುಣ ಎಲ್ಲೋಯ್ತು ಕಣ್ರೀ?" ಎಂದಳು ಸಾವಿತ್ರಮ್ಮ.

"ಮೊಮ್ಮಗಳಿಗೆ ಕೊಟ್ಟುಬುಟ್ಟೆ ಕಣೇ" ಎಂದೆ. ಹರಳೆಣ್ಣೆ ಡಬ್ಬಿಯೇನೋ ಇನ್ನೂ ಅಟ್ಟದ ಮೇಲಿದೆ, ಕೈಯೂ ತುರಿಸುತ್ತದೆ. ಆದರೆ ಗಿರಿಜೆ ಟಿಂಚರ್ ಸೀಸೆಯನ್ನು ನನ್ನ ಎಣ್ಣೆಯ ಪಕ್ಕದಲ್ಲೇ ಇಟ್ಟಿದ್ದಾಳೆ.