ಪಟಿಕದ ನೀರಿಗೆ ಊರಿನ ಒಪ್ಪಿಗೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೂವತ್ತೆರಡು ಹಲ್ಲೂ ಉದುರಲಿ. ಈಗ ಉಳಿದಿರುವುದು ಹತ್ತೊಂಬತ್ತು, ಅದು ಬೇರೆ ವಿಚಾರ. ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ.

ಎಂಬತ್ತನೇ ಇಸವಿಯ ಆಸುಪಾಸು. ಹಳ್ಳಿಯವರ ಜೊತೆ ಮಾತಾಡುವುದಕ್ಕೆ ನೀರಿನ ಇಲಾಖೆಯಲ್ಲಿ ನನ್ನಂಥ ಗಂಡು ಇನ್ನೊಬ್ಬನಿರಲಿಲ್ಲ. ಬೇರೆ ಯಾರೂ ಹೋಗಲು ಒಪ್ಪಲಿಲ್ಲ ಅನ್ನುವವರೂ ಇದ್ದರು, ಬಿಡಿ. ದಾಸರಹಳ್ಳಿಯಲ್ಲಿ ರೂಮು. ಜೊತೆಗಿದ್ದ ಇಬ್ಬರಿಗೂ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ. ನಾನಿದ್ದಾಗ ಒಬ್ಬ ಕೆಲಸಕ್ಕೆ ಹೋಗಿರುತ್ತಿದ್ದ, ಇನ್ನೊಬ್ಬ ಮುಸುಕೆಳೆದು ಮಲಗಿರುತ್ತಿದ್ದ. ಅವರ ಗೊರಕೆ ಗುರುತಿತ್ತು, ಮುಖ ಅಷ್ಟಿಲ್ಲ.

ಮಾದನಾಯಕನಹಳ್ಳಿಯಿಂದ ಒಳಕ್ಕೊಂದು ಹಳ್ಳಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಮಕ್ಕಳ ಹಲ್ಲೆಲ್ಲ ಕಂದು. ಟ್ಯಾಂಕಿಗೆ ಸುಣ್ಣ, ಪಟಿಕ ಬೆರೆಸಿದರೆ ಫ್ಲೋರೈಡ್ ತಳಕ್ಕೆ ಕೂರುತ್ತದೆ. ಆದರೆ ಊರು ಒಪ್ಪಬೇಕು. ಗುರುವಾರಕ್ಕೊಂದು ಸಭೆ ಮಾಡಿ ಒಪ್ಪಿಸಿ ಬಾ ಎಂದು ನನ್ನನ್ನು ಅಟ್ಟಿದರು.

೧. ತುಂಬಿದ ಸಭೆ

"ಗುರುವಾರ ನೀರಿನವ್ರು ಬತ್ತಾರೆ, ಎಲ್ಲಾ ಟ್ಯಾಂಕಿನ ತಾವ ಬರಬೇಕು" ಎಂದು ತಮಟೆ ಹೊಡೆಸಿದ್ದರು. ಹೋಗಿ ನೋಡುತ್ತೇನೆ, ಸಾಲಾಗಿ ಅರವತ್ತು ಬಿಂದಿಗೆ! ನೀರು ಬಿಡುತ್ತಾರೆಂದು ಊರವರೆಲ್ಲ ಪಾಳಿಗೆ ಬಿಂದಿಗೆ ಇಟ್ಟು ಮನೆಗೆ ಹೋಗಿದ್ದರು. ಕಾವಲಿಗೆ ಒಬ್ಬಳು ಅಜ್ಜಿ.

ನಾನು ಬಿಡುವವನಾ? ವಾರದಿಂದ ಯಾರ ಹತ್ತಿರವೂ ನಾಲ್ಕು ಮಾತಾಡಿರಲಿಲ್ಲ. ಗಂಟಲು ಸರಿಮಾಡಿಕೊಂಡು ಒಂದು ಗಂಟೆ ಭಾಷಣ ಹೊಡೆದೆ. ಕೊನೆಗೆ ನಾಚಿಕೆಯಾಗಿ ನಿಲ್ಲಿಸಿದರೆ ಅಜ್ಜಿ ಅಂದಳು: "ಯೋಳಿ ಸಾಮಿ, ಯೋಳಿ. ಎಲ್ಲಾ ಬಾಯ್ ಬುಟ್ಕಂಡು ಕೇಳ್ತಾ ಅವೆ."

೨. ಹಲ್ಲು ನೋಡುವ ಶಾಸ್ತ್ರ

ಮುಂದಿನ ವಾರ ಮನೆಮನೆಗೆ ಹೋಗಿ ಹಲ್ಲು ನೋಡಿ ಬರೆದುಕೊಳ್ಳತೊಡಗಿದೆ. ಇಸ್ತ್ರಿ ಷರಟು ಬೇರೆ. ಒಂದು ಮನೆಯಲ್ಲಿ ಯಜಮಾನ, "ಮದುವೆ ಆಗೈತಾ ಸಾರ್?" ಅಂದ. ಇಲ್ಲವೆಂದೆ. ತಕ್ಷಣ ಚಾಪೆ ಬಂತು, ಉಪ್ಪಿಟ್ಟು ಬಂತು. ಆಮೇಲೆ ರೇಷ್ಮೆ ಸೀರೆಯುಟ್ಟು ಮಗಳು ಬಂದಳು.

"ಸ್ವಲ್ಪ ಹಲ್ಲು ತೋರಿಸಮ್ಮ" ಅಂದೆ.

ಯಜಮಾನ ಎದ್ದು ನಿಂತ. "ನಡೆಸಿ ನೋಡೋರ್ನ ಕಂಡಿವ್ನಿ, ಆಡಿಸಿ ಕೇಳೋರ್ನ ಕಂಡಿವ್ನಿ. ಅಲ್ಲು ನೋಡಿ ಒಪ್ಕಳಾಕೆ ಇದೇನು ದನದ ಜಾತ್ರೆಯಾ?"

ನೀರಿನ ವಿಷಯ ಬಿಡಿಸಿ ಹೇಳಿದೆ. ಮಗಳು ನಕ್ಕಳು. "ಉಪ್ಪಿಟ್ಟು ಬರೋಕೆ ಮುಂಚೆ ಹೇಳಬಾರದಿತ್ತಾ ಸಾರ್?"

"ರೂಮಿನಲ್ಲಿ ಬಡಿಸುವವರಿಲ್ಲಮ್ಮ."

"ಎರಡನೇ ಸಲ ಹಾಕಿಸ್ಕೊಂಡಾಗ್ಲೇ ಗೊತ್ತಾಯ್ತು ಬಿಡಿ."

೩. ಏಕೈಕ ಆಕ್ಷೇಪಣೆ

ಐದನೇ ಗುರುವಾರ, ನನ್ನ ವಾಕ್ಚಾತುರ್ಯಕ್ಕೆ ಸೋತು, ಇಡೀ ಊರೇ ಶಾಲೆಯ ಜಗುಲಿಗೆ ಬಂದು ಕೂತಿತು. ಪಂಚಾಯಿತಿ ಛೇರ್ಮನ್ನು, "ಎಲ್ಲಾ ಒಪ್ಪವ್ರೆ ಸಾರ್, ಮಸಿ ತೆಗೀರಿ, ಎಬ್ಬೆಟ್ಟು ಒತ್ತಿಬುಡ್ತೀವಿ" ಅಂದ.

ಮಸಿಯಿದ್ದ ಚೀಲವನ್ನು ಕುರ್ಚಿಯ ಕೆಳಕ್ಕೆ ತಳ್ಳಿದೆ. ಒತ್ತಿದರೆ ಕೆಲಸ ಮುಗಿಯಿತು, ಗುರುವಾರವೂ ಮುಗಿಯಿತು. ವಾರದಲ್ಲಿ ಯಾರಾದರೂ "ಊಟ ಆಯ್ತಾ?" ಎಂದು ಕೇಳುತ್ತಿದ್ದದ್ದು ಆ ಒಂದು ದಿನ.

"ಆಕ್ಷೇಪಣೆ ಇದ್ದರೆ ಹೇಳಿ" ಅಂದೆ. "ರುಚಿ ಕೆಡಬಹುದು, ಯೋಚನೆ ಮಾಡಿ."

"ಕೆಡ್ಲಿ ಬುಡಿ ಸಾರ್!"

ಕುರ್ಚಿಯಿಂದ ಎದ್ದೆ. ಹೋಗಿ ಜನರ ನಡುವೆ ಚಾಪೆಯ ಮೇಲೆ ಕೂತು ಕೈ ಎತ್ತಿದೆ. "ಸಾರ್, ನಂದೊಂದು ಆಕ್ಷೇಪಣೆ. ಇನ್ನೂ ನಾಲ್ಕು ಸಭೆ ಆಗಲಿ."

ಊರೆಲ್ಲ ಖಾಲಿ ಕುರ್ಚಿಯನ್ನೇ ನೋಡಿತು. ಅಜ್ಜಿ ಕೇಳಿದಳು: "ಈಗ ಉತ್ರ ಯಾರು ಕೊಡ್ತಾರೆ ಸಾಮಿ?"

ಓಡಿಹೋಗಿ ಕುರ್ಚಿಯಲ್ಲಿ ಕೂತೆ. "ಒಳ್ಳೆಯ ಪ್ರಶ್ನೆ. ಮುಂದಿನ ಗುರುವಾರ ಉತ್ತರ ಹೇಳ್ತೀನಿ."

ಜಗುಲಿ ಕಿತ್ತುಹೋಗುವ ಹಾಗೆ ನಕ್ಕರು. ಛೇರ್ಮನ್ನು ತಾನೇ ನನ್ನ ಚೀಲದಿಂದ ಮಸಿ ತೆಗೆದ, ಎಲ್ಲರೂ ಒತ್ತಿದರು. ಕೊನೆಗೆ ಅಜ್ಜಿ ಒತ್ತಿ ಅಂದಳು: "ನೀರಿಗೆ ಒಪ್ಗೆ ಆಯ್ತು. ಇನ್ ಮ್ಯಾಕೆ ಸುಮ್ಕೆ ಬನ್ನಿ ಸಾಮಿ. ಬರಾಕೆ ಸಭೆ ಯಾಕೆ?"

ಎಲ್ಲವೂ ನಿಜ. ಅಜ್ಜಿಯ ಈ ಕೊನೆಯ ಮಾತೊಂದು ಮಾತ್ರ ನಾನು ಸೇರಿಸಿದ್ದು. ಅವಳು ಅಂದದ್ದು ಇಷ್ಟೇ: "ಬಸ್ ಬಂತು ಸಾಮಿ, ಓಡಿ."

ಓಡಿದೆ.