ಫ್ರಿಜ್ಜಿನಲ್ಲಿಟ್ಟ ಗುಂಡಿಗೆ

ಓರ್ಲಾ: ನನ್ನ ಹೃದಯ ಎಲ್ಲಿ ಟೈಗ್? ನಿಜ ಹೇಳು.

ಟೈಗ್: ಇಲ್ಲೇ ಇತ್ತು ಕಣೇ! ದೇವರಾಣೆ!

ಓರ್ಲಾ: ನಿನ್ನನ್ನ ನಂಬಿ ಬಿಟ್ಟು ಹೋದ್ನಲ್ಲ, ನಂಗೆ ಬುದ್ಧಿ ಇಲ್ಲ. ಒಂದೇ ಒಂದು ರಾತ್ರಿ ಜೋಪಾನವಾಗಿ ಇಟ್ಕೊಳ್ಳೋ ಯೋಗ್ಯತೆ ಇಲ್ವಲ್ಲೋ ನಿಂಗೆ!

ಟೈಗ್: ತಣ್ಣಗಿಟ್ಟಿದ್ದೆ, ಭದ್ರವಾಗಿ ಮುಚ್ಚಿಟ್ಟಿದ್ದೆ. ಇನ್ನೇನು, ತಬ್ಕೊಂಡು ಮಲಗ್ಬೇಕಿತ್ತಾ?

ಒಲೆಯ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದ ಫೆಸ್ಟಸ್ ಅಜ್ಜ ಕನ್ನಡಕ ಕೆಳಗಿಳಿಸಿ ಇಬ್ಬರನ್ನೂ ನೋಡಿದ. ಟೈಗ್‌ನ ಅಪ್ಪನ ಅಪ್ಪ ಅವನು. ಕಿವಿ ಅರ್ಧ ಕೇಳುತ್ತಿತ್ತು. ಉಳಿದರ್ಧವನ್ನು ತಾನೇ ಊಹಿಸಿಕೊಳ್ಳುತ್ತಿದ್ದ.

ಅಜ್ಜ: ಓರ್ಲಾ, ಅಜ್ಜನ ಮಾತು ಕೇಳು ತಾಯಿ. ಒಂದ್ಸಲ ಕೊಟ್ಟ ಹೃದಯಾನ ಹಿಂಗೆ ಜಗಳ ಆಡಿ ವಾಪಸ್ ಕೇಳ್ಬಾರ್ದು. ಹುಡುಗ ಒಳ್ಳೆಯವನೇ. ಸ್ವಲ್ಪ ಮಂಕು, ಅಷ್ಟೇ.

ಓರ್ಲಾ: ಅಯ್ಯೋ ಅಜ್ಜ, ಆ ಹೃದಯ ಅಲ್ಲ!

ಅಜ್ಜ: ಎಲ್ರೂ ಮೊದ್ಲು ಹಂಗೇ ಅಂತಾರೆ. ಇವನ ಅಜ್ಜೀನೂ ಹಂಗೇ ಅಂದಿದ್ಳು.

ಟೈಗ್: ಅಜ್ಜಾ, ಪರೀಕ್ಷೆಗೆ! ನಾಡಿದ್ದು ಬಯಾಲಜಿ! ಓದೋಕೆ ಒಂದು ಕುರಿ ಹೃದಯ ತಂದಿದ್ದೆ. ಫ್ರಿಜ್ಜಲ್ಲಿಟ್ಟಿದ್ದೆ, ಬೆಣ್ಣೆ ಪಕ್ಕದಲ್ಲಿ. ನೋಡಿದ್ಯಾ?

ಅಜ್ಜ: ಹೃದಯ ಗಿದಯ ನಾನು ನೋಡಿಲ್ಲಪ್ಪ. ಬೆಣ್ಣೆ ಪಕ್ಕದಲ್ಲಿ ಒಂದು ಗುಂಡಿಗೆ ಇತ್ತು. ಈರುಳ್ಳಿ ಹಾಕಿ ಹುರ್ಕೊಂಡೆ.

ಅಡುಗೆಮನೆಯಲ್ಲಿ ಈರುಳ್ಳಿಯ ಘಮ ಆಗಿನಿಂದಲೂ ಮೂಗಿಗೆ ಬಡಿಯುತ್ತಲೇ ಇತ್ತೆಂಬುದು ಇಬ್ಬರಿಗೂ ಈಗ ಹೊಳೆಯಿತು.

ಓರ್ಲಾ ಕುರ್ಚಿಯ ಮೇಲೆ ಕುಸಿದಳು. ಹೊರಗೆ ಗಾರ್ಟ್ ಊರಿನ ಮೇಲೆ ಬಿಸಿಲು ಬಿದ್ದಿತ್ತು. ವರ್ಷವಿಡೀ ಮುಖ ತೋರಿಸದ ಬಿಸಿಲು ಪರೀಕ್ಷೆಯ ವಾರಕ್ಕೆಂದೇ ತಪ್ಪದೆ ಬರುತ್ತಿತ್ತು. ಟೈಗ್‌ನ ಅಪ್ಪ ಅಮ್ಮ ಒಲೆಗೆ ಉರಿಸಲೆಂದು ಜೌಗಿನಲ್ಲಿ ಕಡಿದು ಒಣಹಾಕಿದ್ದ ಮಣ್ಣಿನ ಗಟ್ಟಿಗಳನ್ನು ಮಗುಚಿಹಾಕಲು ಹೋಗಿದ್ದರು. ಭಾನುವಾರವಾದ್ದರಿಂದ ಮಾಂಸದಂಗಡಿ ಮುಚ್ಚಿತ್ತು. ಇನ್ನೊಂದು ಗುಂಡಿಗೆ ಸಿಗುವ ಹಾಗಿರಲಿಲ್ಲ.

ಗುಂಡಿಗೆ ಬೇಕಾಗಿದ್ದು ಟೈಗ್‌ಗಲ್ಲ, ಅವಳಿಗೆ. ಇಬ್ಬರೂ ಒಂದೇ ತರಗತಿಯವರು; ಬಯಾಲಜಿ ಪುಸ್ತಕ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಚಳಿಗಾಲದಲ್ಲಿ ಶಾಲೆಯಲ್ಲಿ ಕುರಿಯ ಹೃದಯ ಕತ್ತರಿಸುವ ದಿನ, ಮೇಷ್ಟ್ರು ಕಾಗದ ಬಿಚ್ಚುತ್ತಿದ್ದಂತೆಯೇ ಅವಳು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ್ದಳು. 'ನರ್ಸ್ ಆಗೋಳು ಇವಳೇನಾ?' ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದ್ದರು. ಇಡೀ ತರಗತಿ ನಕ್ಕಿತ್ತು. ಆ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಕಾಲೇಜಿನ ಅರ್ಜಿಯಲ್ಲಿ ನರ್ಸಿಂಗ್ ಎಂದು ಬರೆದದ್ದನ್ನು ತಿಂಗಳ ಕೊನೆಯವರೆಗೆ ಬದಲಾಯಿಸಬಹುದಿತ್ತು. ಇವತ್ತು ಗುಂಡಿಗೆ ಮುಟ್ಟಿದರೆ ಸರಿ, ಇಲ್ಲದಿದ್ದರೆ ಲೆಕ್ಕಪತ್ರದ ಕೋರ್ಸು ಎಂದು ಟೈಗ್‌ಗೆ ಹೇಳಿಬಿಟ್ಟಿದ್ದಳು. ಅದಕ್ಕೇ ಅವನು ಗುಂಡಿಗೆ ತಂದಿದ್ದ. ಪ್ರತಿಯಾಗಿ, ಕೃಷಿ ಕಾಲೇಜು ಸೇರಬೇಕೆಂದಿದ್ದ ಅವನ ತಲೆಗೆ ಅವಳು ಪುಸ್ತಕವನ್ನು ತುಂಬಬೇಕೆಂದು ಒಪ್ಪಂದ.

ಓರ್ಲಾ: ಹೋಗ್ಲಿ ಬಿಡು. ದೇವರೇ ಹೇಳ್ತಿದ್ದಾನೆ, ನೀನು ಲೆಕ್ಕ ಬರ್ಕೊಂಡಿರು ಅಂತ.

ಟೈಗ್: ದೇವರಲ್ಲ ಕಣೇ, ನಮ್ಮಜ್ಜ.

ಅಜ್ಜ: ನಂಗೇನು ಗೊತ್ತು, ಅದು ಓದೋ ಗುಂಡಿಗೆ ಅಂತ? ಅದರ ಮೇಲೇನಾದ್ರೂ ಬರೆದಿತ್ತಾ? ಚರ್ಚಲ್ಲಿ ಪೂಜೆ ಮುಗಿಸಿ ಬಂದೆ, ಹಸಿವಾಗಿತ್ತು. ನಿಮ್ಮಮ್ಮ ಎಲೆಕೋಸು ಬೇಯಿಸಿಟ್ಟು ಹೋಗಿದ್ಳು. ಎಲೆಕೋಸು ನೋಡ್ದೆ, ಗುಂಡಿಗೆ ನೋಡ್ದೆ. ನೀನಾಗಿದ್ರೆ ಏನ್ಮಾಡ್ತಿದ್ದೆ?

ಟೈಗ್: ಪೂರ್ತಿ ತಿಂದುಬಿಟ್ಯಾ?

ಅಜ್ಜ: ಎಲ್ಲಿ ಪೂರ್ತಿ? ಬಿಲ್ಲೆ ಬಿಲ್ಲೆಯಾಗಿ ಕೊಯ್ದೆ. ಪ್ರತಿ ಬಿಲ್ಲೇಲೂ ಒಂದ್ಕಡೆ ಮೆತ್ತಗೆ, ಇನ್ನೊಂದ್ಕಡೆ ಗಟ್ಟಿ. ಗಟ್ಟಿ ಕಡೆ ಕಚ್ಚಿದ್ರೆ ನನ್ನ ಕಟ್ಟಿಸಿದ ಹಲ್ಲು ಕಿತ್ಕೊಂಡು ಬರುತ್ತೆ. ಸಾಕಪ್ಪಾ ಅಂತ ಬಿಟ್ಟೆ. ಬಾಣಲೇಲೇ ಇದೆ, ಬೇಕಾದ್ರೆ ತಗೋ. ಆ ಅಂಗಡಿಯವನು ನಿಂಗೆ ಮುದಿ ಕುರೀದು ಕೊಟ್ಟು ಟೋಪಿ ಹಾಕಿದ್ದಾನೆ.

ಓರ್ಲಾ: ಮುದಿ ಕುರಿ ಅಲ್ಲ ಅಜ್ಜ. ಅದು ಇರೋದೇ ಹಾಗೆ.

ಟೈಗ್: ಯಾಕೆ ಹಾಗೆ?

ಓರ್ಲಾ: ಎಷ್ಟು ಸಲ ಹೇಳಿದ್ದೀನೋ ನಿಂಗೆ! ಎಡ ಹೃತ್ಕುಕ್ಷಿ, ಅದೇ ಕೆಳಗಿನ ಕೋಣೆ, ತಲೆಯಿಂದ ಕಾಲ್ಬೆರಳವರೆಗೆ ಇಡೀ ಮೈಗೆ ರಕ್ತ ತಳ್ಳಬೇಕು. ಬಲಗಡೇದಕ್ಕೆ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಳಿಸಿದ್ರೆ ಕೆಲಸ ಮುಗೀತು. ದಿನಾ ಗುಡ್ಡ ಹತ್ತೋನ ಕಾಲಿಗೂ, ಪಕ್ಕದ್ಮನೆಗೆ ಹೋಗಿ ಬರೋನ ಕಾಲಿಗೂ ವ್ಯತ್ಯಾಸ ಇರಲ್ವಾ? ಇಲ್ನೋಡು, ಈ ಗೋಡೆ ಎಷ್ಟು ದಪ್ಪ. ಈ ಕಡೇದು ನೋಡು, ಚರ್ಮದ ಥರ.

ಟೈಗ್ ಬಾಣಲೆಯನ್ನು ನೋಡಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ.

ಟೈಗ್: ಓರ್ಲಾ.

ಓರ್ಲಾ: ಮಧ್ಯದಲ್ಲಿ ಬಾಯಿ ಹಾಕ್ಬೇಡ.

ಟೈಗ್: ನೀನು ಅದನ್ನ ಕೈಯಲ್ಲಿ ಹಿಡ್ಕೊಂಡಿದ್ದೀಯ.

ಓರ್ಲಾ ತಲೆ ತಗ್ಗಿಸಿ ನೋಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಗುಂಡಿಗೆಯ ಒಂದು ಬಿಲ್ಲೆ, ಅದಕ್ಕೆ ಅಂಟಿಕೊಂಡ ಒಂದೆಳೆ ಈರುಳ್ಳಿ. ಹೊಟ್ಟೆ ತೊಳಸುತ್ತದೆಂದು ಕಾದಳು. ತೊಳಸಲಿಲ್ಲ. ಮೆಣಸಿನಪುಡಿಯ ವಾಸನೆ ಬಂತು, ಅಷ್ಟೇ.

ಓರ್ಲಾ: ತಟ್ಟೆ ಕೊಡು. ದೊಡ್ಡದು. ಅಜ್ಜ, ಇನ್ನು ಒಂದು ಚೂರೂ ಮುಟ್ಬೇಡಿ.

ಅಜ್ಜ: ಬೇಕಾದ್ರೆ ತಗೋ ಅಂದೆ, ಎಲ್ಲಾನೂ ತಗೋ ಅಂದ್ನಾ?

ಬಿಲ್ಲೆಗಳು ತಟ್ಟೆಯಲ್ಲಿ ಮತ್ತೆ ಗುಂಡಿಗೆಯ ಆಕಾರಕ್ಕೆ ಒಂದರ ಮೇಲೊಂದು ಕೂತವು. ಮೇಲಿನ ಒಂದೆರಡು ಅಜ್ಜನ ಹೊಟ್ಟೆ ಸೇರಿದ್ದವಾದ್ದರಿಂದ ಆ ಜಾಗಕ್ಕೆ ಆಲೂಗಡ್ಡೆ ಇಟ್ಟರು. ಈರುಳ್ಳಿಯ ಸುರುಳಿಗಳು ಕವಾಟಗಳಾದವು. ಓರ್ಲಾಳ ಎದುರಿಗೆ, ಮೇಜಿನ ಆಚೆ ಬದಿಗೆ ಟೈಗ್ ಕುಳಿತ.

ಓರ್ಲಾ: ಹೇಳು. ದಪ್ಪ ಗೋಡೆ ಇರೋದು ಯಾವುದು?

ಟೈಗ್: ಬಲ ಹೃತ್ಕುಕ್ಷಿ.

ಓರ್ಲಾ: ಈಗಷ್ಟೇ ಎಡ ಅಂದ್ನಲ್ಲೋ!

ಟೈಗ್: ನನ್ನ ಬಲಗೈ ಕಡೆ ಇದೆಯಲ್ಲೇ, ಕಣ್ಣು ಕಾಣ್ಸಲ್ವಾ?

ಓರ್ಲಾ: ನಿನ್ನ ಬಲ ಯಾರಿಗೆ ಬೇಕು? ಕುರಿಯ ಎಡ.

ಟೈಗ್: ಕುರಿ ಎಲ್ಲಿದೆ ಇಲ್ಲಿ?

ಓರ್ಲಾ: ನಿನ್ನ ಎದುರಿಗೇ ನಿಂತು ನಿನ್ನನ್ನೇ ನೋಡ್ತಿದೆ ಅಂದ್ಕೋ.

ಟೈಗ್: ಕುರಿ ಎರಡು ಕಾಲ ಮೇಲೆ ನಿಲ್ಲುತ್ತಾ?

ಓರ್ಲಾ: ನಿಲ್ಲುತ್ತೆ! ಈ ಪುಸ್ತಕದಲ್ಲಿ ನಿಲ್ಲುತ್ತೆ! ನಿಂತು, 'ಟೈಗ್, ನೀನು ಕೃಷಿ ಕಾಲೇಜಿಗೆ ಬಂದ್ರೆ ನನ್ನ ಗತಿ ಏನು' ಅಂತ ಅಳುತ್ತೆ!

ಟೈಗ್: ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ... ಕುರಿಗೇ ಗೊತ್ತಿರಲ್ಲ ತನ್ನೊಳಗೆ ಇಷ್ಟೆಲ್ಲ ಇದೆ ಅಂತ. ನಂಗ್ಯಾಕೆ? ಸರಿ, ಇದು ಎಡ. ಆಯ್ತಾ? ಹಾಗಾದ್ರೆ ಇಲ್ಲಿಂದ ಮೇಲಿನ ಕೋಣೆಗೆ ರಕ್ತ ವಾಪಸ್ ಹೋಗದ ಹಾಗೆ ತಡೆಯೋದು ಈ... ಕವಾಟ ಎಲ್ಲಿ?

ಇಬ್ಬರೂ ಅಜ್ಜನ ಕಡೆ ತಿರುಗಿದರು. ಅಜ್ಜನ ದವಡೆ ನಿಂತಿತು.

ಅಜ್ಜ: ಅಂಚಿಗೆ ಬಂದಿತ್ತು. ಬೀಳುತ್ತೆ ಅಂತ...

ಓರ್ಲಾ: ಅಜ್ಜಾ! ಕವಾಟ ಇಲ್ದಿದ್ರೆ ಕುರಿ ಬದುಕುತ್ತಾ?

ಅಜ್ಜ: ಹುರಿದ ಮೇಲೂ ಬದುಕುತ್ತೆ ಅಂತಿದ್ಯಾ ತಾಯಿ?

ಓರ್ಲಾಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಇಡೀ ವಸಂತದಲ್ಲಿ ಹೃದಯದ ಪಾಠ ಬಂದಾಗಲೆಲ್ಲ ಅವಳ ಕೈ ಬೆವರುತ್ತಿತ್ತು. ಈಗ ಎಣ್ಣೆ ಹತ್ತಿದ ಆ ಕೈಗಳನ್ನು ನೋಡಿಕೊಂಡಳು. ಸುಮ್ಮನಿದ್ದವು.

ಟೈಗ್: ಇನ್ನೇನು, ಗೆದ್ದೆ ನೀನು. ಅರ್ಜಿ ತಿದ್ಬೇಡ.

ಓರ್ಲಾ: ಹುರಿದಿದ್ದು ಲೆಕ್ಕಕ್ಕಿಲ್ಲ ಕಣೋ. ಆಸ್ಪತ್ರೇಲಿ ರೋಗಿಗಳನ್ನ ಈರುಳ್ಳಿ ಹಾಕಿ ಕೊಡ್ತಾರಾ? ನಾಳೆ ಹಸೀದು ತರ್ತೀನಿ. ನಾನೇ ಹೋಗಿ.

ಟೈಗ್: ತಾ. ಹೆದರ್ಬೇಡ, ನಾನಿರ್ತೀನಿ. ತಲೆ ತಿರುಗಿದ್ರೆ ಹಿಡ್ಕೊಳ್ತೀನಿ. ನಮ್ಮಂಥೋರಿಗೆ ಇದೆಲ್ಲ ಏನೂ ಅಲ್ಲ. ಹರ್ಲಿಂಗ್ ಆಡೋವಾಗ ಕೋಲೇಟು ಬಿದ್ದು ನನ್ನ ಮೂಗು ಎಷ್ಟು ಸಲ ಒಡೆದಿದೆ ಗೊತ್ತಾ?

ಮಾರನೆಯ ಬೆಳಿಗ್ಗೆ ಓರ್ಲಾ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದಳು. 'ಕುರಿಯ ಗುಂಡಿಗೆ, ಕತ್ತರಿಸಬೇಡಿ' ಎಂದು ಒಂದೇ ಉಸಿರಿಗೆ ಹೇಳಿದಳು. ಪೊಟ್ಟಣವನ್ನು ಮೈಯಿಂದ ದೂರ ಚಾಚಿ ಹಿಡಿದುಕೊಂಡೇ ಟೈಗ್‌ನ ಮನೆಯವರೆಗೆ ನಡೆದಳು. ದಾರಿಯಲ್ಲಿ ಎದುರಾದವರಿಗೆಲ್ಲ ಬಲವಂತವಾಗಿ ನಮಸ್ಕಾರ ಹೇಳಿದಳು.

ಮೇಜಿನ ಮೇಲೆ ಹಲಗೆ, ಚಾಕು, ತೆರೆದಿಟ್ಟ ಪುಸ್ತಕ. ಅಜ್ಜ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಟೈಗ್ ಅವಳ ಹಿಂದೆ, ಹಿಡಿಯಲು ಸಿದ್ಧನಾಗಿ, ಕೈ ಚಾಚಿ ನಿಂತ.

ಟೈಗ್: ಧೈರ್ಯ. ಉಸಿರು ಎಳ್ಕೋ.

ಅವಳು ಕಾಗದ ಬಿಚ್ಚಿದಳು. ಕೆಂಪಗೆ, ಒದ್ದೆಯಾಗಿ, ತಣ್ಣಗೆ ಇತ್ತು. ಗಂಟಲಲ್ಲಿ ಏನೋ ಮೇಲಕ್ಕೆ ಬಂತು. ನಿನ್ನೆ ಕೈಯಲ್ಲಿ ಹಿಡಿದದ್ದೇ ಇದು, ದಪ್ಪ ಗೋಡೆ ಎಡ, ತೆಳು ಗೋಡೆ ಬಲ ಎಂದು ತನಗೆ ತಾನೇ ಹೇಳಿಕೊಂಡಳು. ಗಂಟಲಲ್ಲಿ ಇದ್ದದ್ದು ಕೆಳಗಿಳಿಯಿತು. ಚಾಕು ಇಟ್ಟು ಎಳೆದಳು.

ಓರ್ಲಾ: ಅಯ್ಯೋ, ನೋಡೋ ಇಲ್ಲಿ! ಒಳಗೆ ಬಿಳೀ ನೂಲು ಕಟ್ಟಿದ ಹಾಗಿದೆ! ಕವಾಟ ಹಿಂದಕ್ಕೆ ಮಗುಚದ ಹಾಗೆ ಹಿಡ್ಕೊಂಡಿರೋದು ಇದೇ. ಪುಸ್ತಕದಲ್ಲಿ ಇಷ್ಟು ಚೆಂದ ಇಲ್ವೇ ಇಲ್ಲ. ಇದು ಮಹಾಪಧಮನಿ. ಮೇಲಿಂದ ಬೆರಳು ಹಾಕಿದ್ರೆ... ನೋಡು, ಎಡ ಹೃತ್ಕುಕ್ಷಿಗೇ ಬಂತು! ಟೈಗ್, ಕಾಣ್ತಾ ಇದ್ಯಾ, ನನ್ನ ಬೆರಳು?

ಹಿಂದೆ ಗೋಡೆಗೆ ಏನೋ ತಾಗಿದ ಸದ್ದಾಯಿತು.

ಅಜ್ಜ: ಅವನು ಯಾವ್ದೋ ಬೇರೆ ಬಣ್ಣಕ್ಕೆ ತಿರುಗ್ತಿದ್ದಾನಲ್ಲ ತಾಯಿ?

ಓರ್ಲಾ: ಏ, ಶಾಲೇಲಿ ಕತ್ತರಿಸಿದಾಗ ನೋಡಿದ್ದೆ ಅಲ್ವೇನೋ ನೀನು?

ಟೈಗ್: (ಗೋಡೆ ಹಿಡಿದುಕೊಂಡು) ಆವತ್ತು... ನಂಗೆ... ಮ್ಯಾಚ್ ಇತ್ತು...

ಜಿಲ್ಲೆಯ ಕಿರಿಯರ ಹರ್ಲಿಂಗ್ ತಂಡದಲ್ಲಿ ಯಾರೂ ಕೆಡವಲಾಗದ ಟೈಗ್, ಗೋಡೆಗೆ ಬೆನ್ನು ಉಜ್ಜುತ್ತಾ ಮೆಲ್ಲಗೆ ಜಾರಿ ನೆಲಕ್ಕೆ ಬಂದ.

ಅಜ್ಜ: ಅಯ್ಯೋ ನನ್ನಪ್ಪಾ! ಡಾಕ್ಟ್ರಿಗೆ ಫೋನ್ ಮಾಡ್ಲಾ? ಪಾದ್ರಿಗೆ ಮಾಡ್ಲಾ?

ಓರ್ಲಾ: ಯಾರಿಗೂ ಬೇಡ. ನೀವು ಕಿಟಕಿ ತೆಗೀರಿ, ಗಾಳಿ ಬರ್ಲಿ. ಆ ಸ್ಟೂಲ್ ಇತ್ತ ತಳ್ಳಿ.

ಅವಳು ಆಗಲೇ ಅವನ ಪಕ್ಕದಲ್ಲಿ ಮೊಣಕಾಲೂರಿದ್ದಳು. ಕೈ ಒರೆಸಿಕೊಂಡು, ಅವನನ್ನು ಅಂಗಾತ ಮಲಗಿಸಿ, ಎರಡೂ ಕಾಲನ್ನೆತ್ತಿ ಸ್ಟೂಲಿನ ಮೇಲಿಟ್ಟು, ಅಂಗಿಯ ಗುಂಡಿ ಬಿಚ್ಚಿ, ಮಣಿಕಟ್ಟಿನ ನಾಡಿ ಹಿಡಿದಳು. ಯಾವುದಕ್ಕೂ ಯೋಚಿಸಬೇಕಾಗಲಿಲ್ಲ. ಅಜ್ಜ ಕಿಟಕಿಯ ಬಳಿ ನಿಂತು ಅವಳನ್ನೇ ನೋಡುತ್ತಿದ್ದ.

ಅಜ್ಜ: ನಾನು ಆಸ್ಪತ್ರೆ ಸೇರಿದ್ರೆ ನೀನೇ ಬರ್ಬೇಕು ತಾಯಿ. ಲೆಕ್ಕ ಬರೆಯೋಳು ಬಂದು ನಂಗೇನು ಮಾಡ್ತಾಳೆ?

ಓರ್ಲಾ: ಬರ್ತೀನಿ ಅಜ್ಜ. ಅರ್ಜಿ ಹಾಗೇ ಇರುತ್ತೆ. ಶ್, ಕಣ್ಣು ಬಿಡ್ತಿದ್ದಾನೆ.

ಟೈಗ್‌ನ ರೆಪ್ಪೆ ಅದುರಿತು. ಸೂರನ್ನು ನೋಡಿದ, ಸ್ಟೂಲಿನ ಮೇಲಿದ್ದ ತನ್ನ ಕಾಲುಗಳನ್ನು ನೋಡಿದ, ಬಗ್ಗಿದ್ದ ಎರಡು ಮುಖಗಳನ್ನು ನೋಡಿದ.

ಟೈಗ್: ಗೆದ್ವಾ?

ಅಜ್ಜ: ಇಲ್ಲ ಮಗಾ. ಗೆದ್ದಿದ್ದು ಕುರಿ.