ಹಿತ್ತಲ ಬಾಗಿಲಿನ ಫಲಾನುಭವಿಗಳು

ಶಹಾಪುರದ ಶಿವಶರಣಪ್ಪನವರಿಗೆ ಪರರ ಸಂಸಾರದ ಚಿಂತೆ ಬಹಳ. ತಮ್ಮ ಅಡುಗೆಮನೆಯ ನಲ್ಲಿ ಯುಗಾದಿಯಿಂದ ಸೋರುತ್ತಿದ್ದರೂ ಅವರ ಕಣ್ಣು ಸೋರುತ್ತಿದ್ದುದು ಮಾತ್ರ ಊರವರ ಸಂಸಾರಕ್ಕೆ.

ಅವರು ‘ಸುಖೀ ಸಂಸಾರ ಸೇವಾ ಬಳಗ’ದ ಊರ ಶಾಖೆಯ ಸಂಚಾಲಕರು. ಮಕ್ಕಳಾಗಲಿ, ಮೀಸೆ ಚಿಗುರಿದ ಹುಡುಗರಾಗಲಿ, ಜಗಳಾಡುವ ಗಂಡಹೆಂಡಿರಾಗಲಿ, ದಾರಿ ತಪ್ಪಿದವರನ್ನೆಲ್ಲ ಹಿಡಿದು ತಂದು ದಾರಿಗೆ ಹಚ್ಚುವುದು ಬಳಗದ ಘನ ಉದ್ದೇಶ. ಕಚೇರಿ ಅವರದೇ ಮನೆಯ ಪಡಸಾಲೆ. ಕುರ್ಚಿಗಳು ಮನೆಯವು, ಫ್ಯಾನು ಮಗಳ ಓದುವ ಕೋಣೆಯದು, ಚಹಾ ಹೆಂಡತಿ ಉಮಾಳದು. ಬಳಗದ ಸ್ವಯಾರ್ಜಿತ ಆಸ್ತಿ ಎಂದರೆ ಬಸ್‌ಸ್ಟ್ಯಾಂಡಿನ ಎದುರಿಗಿರುವ ಒಂದು ಫ್ಲೆಕ್ಸ್. ಅದರಲ್ಲಿ ಜಿಲ್ಲಾ ಅಧ್ಯಕ್ಷರ ಮುಖ ಹುಣ್ಣಿಮೆ ಚಂದ್ರನಷ್ಟು, ತಳದ ಸಾಲಿನಲ್ಲಿ ಶಿವಶರಣಪ್ಪನವರದು ಸಾಸಿವೆ ಕಾಳಿನಷ್ಟು. (ಕನ್ನಡಕ ಹಾಕಿಕೊಂಡು ಹುಡುಕಿದರೆ ಮೀಸೆ ಸಿಗುತ್ತದೆ.)

ಈಗ ಆ ಅಧ್ಯಕ್ಷರು ವಯಸ್ಸಾಯಿತೆಂದು ಹುದ್ದೆ ಬಿಟ್ಟಿದ್ದರಿಂದ ಚಂದ್ರನ ಜಾಗ ಖಾಲಿಯಾಗಿತ್ತು. ಕಲಬುರಗಿಯ ಮುಖ್ಯ ಕಚೇರಿಯಿಂದ ಮಸ್ತಾನಬಿ ಮೇಡಂ ಬರುವವರಿದ್ದರು. ನಿವೃತ್ತ ಹೆಡ್‌ಮೇಡಂ, ಮಾತು ಕಡಿಮೆ, ಕಣ್ಣು ಜಾಸ್ತಿ. ಬಳಗದಿಂದ ಉದ್ಧಾರವಾದ ಒಂದಾದರೂ ಕುಟುಂಬವನ್ನು ಅದರ ಮನೆಯಲ್ಲೇ ಕಂಡು, ಮೆಚ್ಚಿದರೆ ಅಧ್ಯಕ್ಷಗಿರಿ ಅಲ್ಲೇ ಘೋಷಣೆ. ಶಿವಶರಣಪ್ಪನವರು ಹೊಸ ಫೋಟೋ ಕೂಡ ತೆಗೆಸಿಟ್ಟಿದ್ದರು, ಮೂರು ಭಂಗಿಗಳಲ್ಲಿ.

ಮೇಡಂ ಬರುವ ದಿನ ಬೆಳಿಗ್ಗೆ, ದೋರನಹಳ್ಳಿಯಲ್ಲಿ ಒಂದು ಕುಟುಂಬ ಗೊತ್ತುಮಾಡಿ ಬಾ ಎಂದು ಕಳಿಸಿದ್ದ ಬಳಗದ ಕಾರ್ಯದರ್ಶಿ ಭಾಗಣ್ಣ ಜೋಲುಮುಖ ಹೊತ್ತು ಬಂದ.

“ಊರ ಪೂರಾ ಕೀಲಿ ಹಾಕ್ಯಾದ್ರಿ ಸಾಹೇಬ್ರ. ಎಲ್ಲಾರೂ ಹತ್ತಿ ಬಿಡಸಾಕ ಹೋಗ್ಯಾರ. ಒಬ್ಬಾಕಿ ಮುದುಕಿ ಸಿಕ್ಕಿದ್ಳು. ‘ಹತ್ತಿ ಹಂಗಾಮದಾಗ ಹಾಡಹಗಲಿ ಖಾಲಿ ಕುಂತ ಮಂದಿ ಬೇಕಂದ್ರ ನಿಮ್ಮ ಸಾಹೇಬರ ಮನಿಗೇ ಹೋಗು’ ಅಂತ ಬೈದು ಕಳಿಸಿದ್ಳರಿ.”

ಬಳಗದ ಹತ್ತಾರು ‘ಗ್ರಾಮೀಣ ಕುಟುಂಬ ಚಿಂತನ’ಗಳನ್ನು ನಡೆಸಿದ ಮಹನೀಯರಿಗೆ ಹೊಲದಲ್ಲಿ ಹತ್ತಿ ಯಾವಾಗ ಒಡೆಯುತ್ತದೆಂಬ ಚಿಂತನ ಮಾತ್ರ ಹೊಳೆದಿರಲಿಲ್ಲ. ಆದರೆ ಮುದುಕಿಯ ಬೈಗುಳ ಅವರ ಕಿವಿಗೆ ದಿವ್ಯವಾಣಿಯಂತೆ ಕೇಳಿಸಿತು. ನೆಟ್ಟಗೆ ಒಳಗೆ ನಡೆದರು.

“ಉಮಾ, ಇವತ್ತ ಒಂದರ್ಧ ತಾಸು ನೀ ನಮ್ಮ ಬಳಗದ ಫಲಾನುಭವಿ ಆಗ್ಬೇಕು.”

ಉಮಾ ಸೋರುವ ನಲ್ಲಿಯ ಕೆಳಗಿನ ಬಕೆಟ್ ಬದಲಿಸುತ್ತಿದ್ದಳು. “ಮದಿವ್ಯಾದಾಗಿಂದ ಫಲಾ ಅನುಭವಿಸಾಕತ್ತೇನಿ. ಅರ್ಧ ತಾಸು ಯಾಕ್ರಿ?”

“ಚಾಷ್ಟಿ ಮಾಡೂದು ಸಾಕು. ಮೊದಲ ಸಂಸಾರ ಹದಗೆಟ್ಟಿತ್ತು, ಬಳಗದಿಂದ ಬಂಗಾರ ಆತು ಅಂತ ಹೇಳಿದ್ರ ಮುಗೀತು.”

“ಅಪ್ಪಾ, ನಂದೇನು ಪಾರ್ಟು?” ಎಂದಳು ಮಗಳು ಮೌನಿಕಾ. (ಹೆಸರಿಗೂ ನಾಲಿಗೆಗೂ ಯಾವ ಸಂಬಂಧವೂ ಇಲ್ಲ.)

“ಬಾಯಿ ಮುಚ್ಚಿಕೊಂಡು ಕೂಡೂದು.”

“ಅಷ್ಟ ಕಷ್ಟದ ಪಾರ್ಟು ನನಗಾಗಂಗಿಲ್ಲಪಾ.”

ಮದುವೆಯ ಫೋಟೋ ಗೋಡೆಯಿಂದ ಇಳಿಯಿತು. ಸನ್ಮಾನದ ಶಾಲುಗಳು ಹಾಸಿಗೆಯ ಕೆಳಗೆ ಭೂಗತವಾದವು. ಪಡಸಾಲೆಗೂ ಮನೆಗೂ ನಡುವಿನ ಬಾಗಿಲಿಗೆ ಚಿಲಕ ಬಿತ್ತು. ಮೇಡಂ ಮುಂಬಾಗಿಲಿನಿಂದ ಬಂದರು, ಭಾಗಣ್ಣ ತಂದಿತ್ತ ಚಹಾ ಕುಡಿದರು, ಭಾಷಣ ಸಹಿಸಿಕೊಂಡರು. ಆಮೇಲೆ ಶಿವಶರಣಪ್ಪನವರು ಅವರನ್ನು ಬೀದಿಗಿಳಿಸಿ, ಬೇರೆ ಓಣಿಯ ಮನೆಯೆನಿಸಲೆಂದು ಹಿಟ್ಟಿನ ಗಿರಣಿಯನ್ನು ಸುಮ್ಮನೆ ಪ್ರದಕ್ಷಿಣೆ ಹಾಕಿಸಿ, ತಮ್ಮದೇ ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸಿದರು.

“ಭಾಳ ಬಡ ಕುಟುಂಬರಿ ಮೇಡಂ,” ಎಂದು ಪಿಸುಗುಟ್ಟಿದರು.

ಉಮಾ ಪದ್ಧತಿಯಂತೆ ಮೊದಲು ತಂಬಿಗೆ ನೀರು ತಂದಿಟ್ಟಳು. ಹಿಂದೆಯೇ ಚಹಾ ಬಂತು. ಮೇಡಂ ನೀರು ಕುಡಿದು, ತಂಬಿಗೆಯನ್ನು ಒಮ್ಮೆ ತಿರುಗಿಸಿ ನೋಡಿ, ಮಡಿಲಲ್ಲಿಟ್ಟುಕೊಂಡರು.

“ನಿನ್ನ ಗಂಡ ಎಲ್ಲಿ ಬೇಟಿ?”

“ಇಲ್ಲೇ ಇರ್ತಾನ್ರಿ. ಆದ್ರ ಮನ್ಯಾಗ ಇರಂಗಿಲ್ಲ.”

ಜೀವಮಾನದಲ್ಲಿ ‘ಅವರು’ ಬಿಟ್ಟು ಮಾತಾಡದವಳು ಇಂದು ‘ಇರ್ತಾನ’ ಎಂದಳು. ಎಂದದ್ದಷ್ಟೇ ಅಲ್ಲ, ಆ ಏಕವಚನವನ್ನು ಹುರಿದ ಶೇಂಗಾದಂತೆ ಬಾಯಲ್ಲಿ ಆಡಿಸಿದಳು.

“ಕುಡೀತಾನ?”

“ಚಾ ರೀ. ಹಿಂಡ ಕಟಗೊಂಡು ಕುಡೀತಾನ.”

“ಹೊಡೀತಾನ?”

“ಭಾಷಣ ಹೊಡೀತಾನ್ರಿ. ಅದಕಿಂತ ಎರಡೇಟು ಹೊಡದಿದ್ರ ಲಗೂ ಮುಗೀತಿತ್ತು.”

ಶಿವಶರಣಪ್ಪನವರು ಹಿಂದೆ ನಿಂತು ಕಣ್ಣು, ಹುಬ್ಬು, ಮೀಸೆ ಎಲ್ಲದರಿಂದಲೂ ‘ಬಂಗಾರ, ಬಂಗಾರ’ ಎಂದು ಸನ್ನೆ ಮಾಡಿದರು. ಮೌನಿಕಾ ಬಾಯಿಬಿಟ್ಟಳು: “ಊರಿಗೆಲ್ಲಾ ‘ಮಕ್ಕಳ ಜೋಡಿ ಕೂಡ್ರಿ’ ಅಂತಾನ್ರಿ ನಮ್ಮಪ್ಪ. ನಾ ಎಷ್ಟನೇ ಕ್ಲಾಸು ಅಂತ ಅವಗ ಗೊತ್ತಿಲ್ಲ.”

ಮೇಡಂ ಥಟ್ಟನೆ ತಿರುಗಿದರು. “ಸಂಚಾಲಕರ, ಈ ಹುಡುಗಿ ಎಷ್ಟನೇ ಕ್ಲಾಸು?”

“ಎಂಟು... ಒಂಬತ್ತು ಇರಬೇಕ್ರಿ.”

“ಹತ್ತು!” ಎಂದರು ತಾಯಿಮಗಳು ಒಕ್ಕೊರಲಿನಿಂದ.

“ಇಂಥಾ ಗಂಡಸಿಗೆ ಏನು ಮಾಡಬೇಕ್ರಿ? ನೀವ ಹೇಳ್ರಿ,” ಎಂದರು ಮೇಡಂ.

ಇದೇ ಅಧ್ಯಕ್ಷಗಿರಿಯ ಪರೀಕ್ಷೆ ಎಂದು ಶಿವಶರಣಪ್ಪನವರಿಗೆ ಖಾತ್ರಿಯಾಯಿತು. ಎದೆ ಸೆಟೆದು ನಿಂತರು. “ಸುಮ್ನ ಬಿಡಬಾರದ್ರಿ ಮೇಡಂ, ಅಂಥಾ ಬೇಜವಾಬ್ದಾರಿ ಮನಿಷ್ಯಾನ! ಮೊದಲ ಆ ನಲ್ಲಿ ಅವನ ಕೈಲೆ ರಿಪೇರಿ ಮಾಡಸಬೇಕು. ದಿನಾ ಸಂಜೀಕೆ ಮಗಳ ಮುಂದ ಗಣಿತದ ಪುಸ್ತಕ ಹಿಡಿಸಿ ಕುಂದ್ರಸಬೇಕು. ಐತಾರಕ್ಕೊಮ್ಮಿ ರೊಟ್ಟಿ ಬಡಸಬೇಕು!”

“ಬದನಿ ಎಣ್ಣಿಗಾಯಿನೂ ಸೇರಸ್ರಿ,” ಎಂದಳು ಉಮಾ ವಿನಯದಿಂದ.

“ಎಣ್ಣಿಗಾಯಿ! ಯಾವ ದಯಾನೂ ತೋರಸಬಾರದು!”

“ಮಂಜೂರ್,” ಎಂದರು ಮೇಡಂ. “ನಾಳಿಂದ ಶುರು ಮಾಡ್ರಿ.”

“ಯಾರ್ರಿ?”

ಮೇಡಂ ತಂಬಿಗೆಯನ್ನು ಅವರ ಕೈಗಿತ್ತರು. ಹೊಳೆಯುವ ಸ್ಟೀಲಿನ ಮೇಲೆ, ಮದುವೆಯಲ್ಲಿ ಕೊಟ್ಟ ಪಾತ್ರೆಗಳೆಲ್ಲದರ ಮೇಲಿರುವಂತೆ, ಚುಕ್ಕೆಚುಕ್ಕೆಯಾಗಿ ಕೊರೆದಿತ್ತು: ‘ಉಮಾ ಶಿವಶರಣಪ್ಪ ಇವರ ಮದುವಿಗೆ, ಮುದನಾಳದ ಸೋದರಮಾವನ ಉಡುಗೊರೆ.’

ಗೋಡೆ ಬೋಳಿಸಿದವರಿಗೆ ತಂಬಿಗೆ ನೆನಪಾಗಿರಲಿಲ್ಲ. ದಿನಾ ಅದರಲ್ಲೇ ನೀರು ಕುಡಿದರೂ ಆ ಹೆಸರನ್ನು ಅವರು ಓದಿದ್ದು ಅಂದೇ ಇರಬೇಕು.

ತಿಂಗಳೊಪ್ಪತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಹೊಸ ಫ್ಲೆಕ್ಸ್ ಎದ್ದಿತು. ಶಿವಶರಣಪ್ಪನವರ ಮುಖ ಕೊನೆಗೂ ಹುಣ್ಣಿಮೆ ಚಂದ್ರನಷ್ಟಾಗಿತ್ತು: ಒಲೆಯ ಮುಂದೆ ಕುಕ್ಕರುಗಾಲು, ಕೈಯಲ್ಲಿ ಅರ್ಧ ಹರಿದ ರೊಟ್ಟಿ, ಮೀಸೆಗೆ ಜೋಳದ ಹಿಟ್ಟು. ಕೆಳಗೆ ದಪ್ಪಕ್ಷರ: ‘ನಮ್ಮ ಬಳಗದಿಂದ ಸುಧಾರಿಸಿದ ಮೊದಲ ಗಂಡ.’ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಚಿತ್ರ, ಹೊಸ ಜಿಲ್ಲಾ ಅಧ್ಯಕ್ಷರದು. ಕನ್ನಡಕ ಹಾಕಿಕೊಂಡು ನೋಡಿದರೆ ಉಮಾ ನಗುತ್ತಿದ್ದಳು.

ಆ ಭಾನುವಾರ ಶಿವಶರಣಪ್ಪನವರು ಮೂರನೆಯ ರೊಟ್ಟಿಯನ್ನು ಸುಟ್ಟು ಕರಕು ಮಾಡುತ್ತಿದ್ದಾಗ ನಡುಬಾಗಿಲು ತೆರೆದು ಭಾಗಣ್ಣ ಇಣುಕಿದ.

“ಸಾಹೇಬ್ರ, ಅಧ್ಯಕ್ಷರು ಮೀಟಿಂಗಿನ್ಯಾಗ ಅದಾರ. ಏಳು ಕಪ್ ಚಾ ಕಳಸಬೇಕಂತ. ಯಾಲಕ್ಕಿ ಮರೀಬ್ಯಾಡ ಅಂದಾರ.”